ತೋಟದ ಕೊಯಿ ಕೊಳಕ್ಕೆ ಭದ್ರವಾದ ಕಾಂಕ್ರೀಟ್ ತಳ

ಬಣ್ಣದ ಮೀನುಗಳ ಸಾಕಣೆ ನಗರಗಳ ಆಸುಪಾಸಿನ ರೈತರಿಗೆ ಒಂದು ಉಪಕಸುಬಾಗಿದೆ. ಅವುಗಳಲ್ಲಿ ಕೊಯಿ ಮೀನಿಗೆ ವಿಶೇಷ ಬೇಡಿಕೆಯಿದೆ. ಇದು ಗೆಂಡೆ ಜಾತಿಯ ಮೀನು. ಜಪಾನಿನ ನೀಗಾಟಾ ಪ್ರಾಂತದ ಗುಡ್ಡಗಾಡಿನಲ್ಲಿ ಭತ್ತ ಬೆಳೆಯುವ ರೈತರು ಚಳಿಗಾಲದ ಆಹಾರಕ್ಕೆಂದು ಗೆಂಡೆಯನ್ನು ಸಾಕುತ್ತಿದ್ದರು. ಅವುಗಳ ನಡುವೆ ಆಗಾಗ ಕಾಣಿಸಿಕೊಂಡ ಕೆಂಪು, ಬಿಳಿ ಮೀನುಗಳನ್ನು 19ನೆಯ ಶತಮಾನದ ಮೊದಲ ಭಾಗದಿಂದ ಆರಿಸಿ ಬೆಳೆಸುತ್ತ ಬಂದುದರಿಂದ ಈ ತಳಿಗಳು ರೂಪುಗೊಂಡವು. 1914ರಲ್ಲಿ ಟೋಕಿಯೋ ನಗರದ ವಸ್ತುಪ್ರದರ್ಶನದಲ್ಲಿ ಇವನ್ನು ಇರಿಸಿದ ಮೇಲೆ ಹೊರಗಿನ ಜನರಿಗೂ ಇವುಗಳ ಪರಿಚಯವಾಯಿತು.

ಜಪಾನಿನಲ್ಲಿ ಮರಿಗಳನ್ನು ಇಂದಿಗೂ ಮಣ್ಣಿನ ಕೊಳಗಳಲ್ಲಿಯೇ ಬೆಳೆಸುತ್ತಾರೆ. ಆದರೆ ತೋಟದಲ್ಲಿ ನೋಡುವುದಕ್ಕೂ ಮಾರಾಟಕ್ಕೂ ಮೀನನ್ನು ಇಡುವವರಿಗೆ ಮಣ್ಣಿನ ಕೊಳ ಒಗ್ಗುವುದಿಲ್ಲ. ಗೆಂಡೆಯ ಸ್ವಭಾವವೇ ತಳವನ್ನು ಕೆದಕಿ ಮೇವು ಹುಡುಕುವುದು. ನೀರು ಸದಾ ರಾಡಿಯಾಗಿ, ಮೀನಿನ ಬಣ್ಣವೂ ಕಾಣದು, ಅದಕ್ಕೆ ತಗಲಿದ ರೋಗವೂ ಕಾಣದು. ಆದುದರಿಂದ ಕಾಂಕ್ರೀಟ್ ತಳದ ಕೊಳಕ್ಕೆ ರೈತರು ಮನಸ್ಸು ಮಾಡುತ್ತಾರೆ. ಹಾಗೆ ಕಟ್ಟಿದ ಕೊಳಗಳಲ್ಲಿ ಎಷ್ಟೋ ಕೊಳಗಳು ಒಂದೆರಡು ಬೇಸಿಗೆ ಕಳೆಯುವುದರೊಳಗೆ ಬಿರುಕು ಬಿಟ್ಟು ಸೋರತೊಡಗುತ್ತವೆ. ಕೊಳವೆ ಬಾವಿಯ ನೀರನ್ನು ನಂಬಿದವರಿಗೆ ಇದು ಸಣ್ಣ ನಷ್ಟವಲ್ಲ. 6 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳದಲ್ಲಿ ದಿನಕ್ಕೆ ಒಂದೇ ಸೆಂಟಿಮೀಟರ್ ನೀರು ಇಳಿದರೂ 240 ಲೀಟರ್ ಹೋಯಿತು. ತಿಂಗಳಿಗೆ 7,200 ಲೀಟರ್.

ಒಂದು ಮಾತನ್ನು ಮೊದಲೇ ಹೇಳುವುದು ಹಿತ. ಕೇವಲ ನೀರಾವರಿಗಾಗಿ ನೀರನ್ನು ಕೂಡಿಡುವ ದೊಡ್ಡ ಹೊಂಡಕ್ಕೆ ಕಾಂಕ್ರೀಟ್ ಬೇಕಾಗಿಲ್ಲ; ಪಾಲಿಥೀನ್ ಹಾಳೆಯ ಹೊದಿಕೆಯೇ ಅಗ್ಗ. ಮೇಲಿಂದ ಮೇಲೆ ಬರಿದು ಮಾಡಿ ತಿಕ್ಕಿ ತೊಳೆಯುವ, ಒಳಗಿಳಿದು ಬಲೆ ಎಳೆಯುವ ಚಿಕ್ಕ ಕೊಳಕ್ಕೆ ಮಾತ್ರ ಈ ವೆಚ್ಚ ಸಾರ್ಥಕ.

ತಳ ಒಡೆಯುವುದು ಭಾರದಿಂದಲ್ಲ

ನೀರಿನ ಭಾರ ತಾಳಲಾರದೆ ತಳ ಬಿರಿಯಿತೆಂದು ರೈತರೂ ಮೇಸ್ತ್ರಿಗಳೂ ಸಾಮಾನ್ಯವಾಗಿ ಹೇಳುವುದುಂಟು. ಈ ನಂಬಿಕೆಯಿಂದಲೇ ಎರಡನೆಯ ಸಲ ಕಟ್ಟುವಾಗ ತಳವನ್ನು ಇನ್ನೂ ದಪ್ಪ ಮಾಡಿ ಸಿಮೆಂಟಿಗೆ ಹಣ ಸುರಿಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ಸಂಗತಿ ಬೇರೆಯೇ ಇದೆ. 1.2 ಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ 1.2 ಟನ್ ಭಾರ ಹಾಕುತ್ತದೆ. ಕೊಳ ತೋಡುವ ಮುನ್ನ ಅದೇ ಜಾಗದಲ್ಲಿ ಅಷ್ಟೇ ಆಳದ ಮಣ್ಣಿತ್ತು. ಹಸಿಯಾದ ಮಣ್ಣಿನ ಭಾರ ಸುಮಾರು 2 ಟನ್ನಿನಷ್ಟಾಗುತ್ತದೆ. ಅಂದರೆ ನೀರು ತುಂಬಿದ ಕೊಳ, ತೋಡಿ ತೆಗೆದ ಮಣ್ಣಿಗಿಂತ ಹಗುರ. ಕೆಳಗಿನ ನೆಲ ಎಷ್ಟೋ ಕಾಲದಿಂದ ಇದಕ್ಕಿಂತ ಹೆಚ್ಚಿನ ಭಾರವನ್ನು ಹೊತ್ತೇ ಇತ್ತು.

ಹಾಗಾದರೆ ತಳ ಒಡೆಯುವುದೇಕೆ? ಒಂದು ಕಡೆ ಗಟ್ಟಿ, ಮತ್ತೊಂದು ಕಡೆ ಮೆತ್ತಗೆ ಇರುವ ನೆಲ ಒಂದೇ ಸಮನಾಗಿ ಕುಗ್ಗುವುದಿಲ್ಲ. ತಳ ನಡುವೆ ಬಾಗಿ ಸೀಳುತ್ತದೆ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ತಳವನ್ನು ಎತ್ತಿ ಇಳಿಸುತ್ತದೆ. ಕಾಂಕ್ರೀಟ್ ತಾನೇ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಬರಿದಾದ ಕೊಳವನ್ನು ಕೆಳಗಿನಿಂದ ನೂಕುತ್ತದೆ. ಈ ನಾಲ್ಕರಲ್ಲಿ ಯಾವುದಕ್ಕೂ ಬರಿಯ ದಪ್ಪ ಹೆಚ್ಚಿಸುವುದು ಪರಿಹಾರವಲ್ಲ. 15 ಸೆಂ.ಮೀ. ದಪ್ಪದ ತಳ ಇಂತಹ ಕೊಳಕ್ಕೆ ಸಾಕು. ಉಳಿದ ಹಣವನ್ನೂ ಶ್ರಮವನ್ನೂ ತಳದ ಕೆಳಗಿನ ಮಣ್ಣಿನ ಮೇಲೆ ಹಾಕತಕ್ಕದ್ದು.

ನೆಲದ ಸಿದ್ಧತೆ

ಜಾಗ ಆರಿಸುವಾಗ ಹಳೆಯ ಬಾವಿ, ಗೊಬ್ಬರದ ಗುಂಡಿ, ಹೊಸದಾಗಿ ಮಣ್ಣು ತುಂಬಿಸಿದ ನೆಲ ಇವನ್ನು ಬಿಡಬೇಕು. ಆಲ, ಅರಳಿ, ಅತ್ತಿಯಂತಹ ಮರಗಳ ಬೇರು ನೀರನ್ನು ಅರಸಿ ಬಹುದೂರ ಹರಿಯುವುದರಿಂದ ಅವುಗಳ ಹತ್ತಿರವೂ ಕೊಳ ಬೇಡ. ತೋಟದ ಎತ್ತರದ ಭಾಗದಲ್ಲಿ ಕೊಳವಿದ್ದರೆ ಬಸಿದ ನೀರು ತಾನಾಗಿಯೇ ತೆಂಗು, ಬಾಳೆಯ ಪಾತಿಗಳಿಗೆ ಹರಿಯುತ್ತದೆ. ಮೀನಿನ ಮಲಮೂತ್ರ ಸೇರಿದ ಈ ನೀರಿನಲ್ಲಿ ಸಾರಜನಕವಿದ್ದು, ಚರಂಡಿಗೆ ಬಿಡುವುದು ಗೊಬ್ಬರವನ್ನು ಚೆಲ್ಲಿದಂತೆಯೇ ಸರಿ.

ಅಗೆತ ಮುಗಿದ ಮೇಲೆ ತಳದ ಉದ್ದಗಲಕ್ಕೂ ಒಂದೊಂದು ಅಡಿ ಅಂತರದಲ್ಲಿ ಹಾರೆಯಿಂದ ಕುಟ್ಟಿ ನೋಡಬೇಕು. ಹಾರೆ ಸುಲಭವಾಗಿ ಇಳಿದ ಕಡೆ ಮೆತ್ತನೆಯ ಮಣ್ಣೋ, ಕೊಳೆತ ಬೇರೋ, ಗೆದ್ದಲಿನ ಗೂಡೋ ಇರುತ್ತದೆ. ಅದನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆದು, ಗರಸು ಮಣ್ಣನ್ನು ತುಂಬಬೇಕು. ಹುತ್ತವಿದ್ದ ಜಾಗದಲ್ಲಿ ಬಾಯಿಯನ್ನಷ್ಟೇ ಮುಚ್ಚಿ ಮುಂದೆ ಹೋಗುವುದು ಸಲ್ಲದು; ಒಳಗಿನ ಪೊಳ್ಳುಗಳನ್ನೆಲ್ಲ ಅಗೆದು ತೆಗೆಯಬೇಕು.

ತುಂಬುವ ಮಣ್ಣನ್ನು 15 ಸೆಂ.ಮೀ. ದಪ್ಪದ ಪದರಗಳಲ್ಲಿ ಹರಡಿ, ಪ್ರತಿ ಪದರವನ್ನೂ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು. ಒಂದೂವರೆ ಅಡಿ ಮಣ್ಣನ್ನು ಒಮ್ಮೆಲೇ ಸುರಿದು ಮೇಲಿನಿಂದ ಬಡಿದರೆ ಮೇಲಿನ ಆರು ಅಂಗುಲವಷ್ಟೇ ಗಟ್ಟಿಯಾಗುತ್ತದೆ. ಇಲ್ಲಿ ಮಣ್ಣಿನ ಹದ ಬಹು ಮುಖ್ಯ. ಒಣ ಮಣ್ಣು ಎಷ್ಟು ಬಡಿದರೂ ಕೂಡಿಕೊಳ್ಳದು. ಕೆಸರಾದ ಮಣ್ಣು ದಿಮ್ಮಸಿನಡಿ ಅತ್ತಿತ್ತ ಜಾರುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿದಾಗ ಉಂಡೆಯಾಗಿ ನಿಂತು, ಸೊಂಟದ ಎತ್ತರದಿಂದ ಬಿಟ್ಟಾಗ ಕೆಲವೇ ತುಂಡುಗಳಾಗಿ ಒಡೆಯಬೇಕು. ಅಂಗೈಗೆ ನೀರು ಹತ್ತಬಾರದು. ಉಳುಮೆಯ ಹದ ಬಲ್ಲ ರೈತನಿಗೆ ಇದನ್ನು ಗುರುತಿಸುವುದು ಕಷ್ಟವಲ್ಲ. ಈ ವಿಷಯದಲ್ಲಿ ಮೇಸ್ತ್ರಿಗಿಂತ ರೈತನ ಕೈಯೇ ಮೇಲೆಂದು ಹೇಳಬಹುದು.

ಎರೆಮಣ್ಣಿನ ಭೂಮಿಯಲ್ಲಿ

ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಕೆಲಸ ಇಷ್ಟಕ್ಕೆ ಮುಗಿಯುವುದಿಲ್ಲ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರನ್ನು ತನ್ನ ಪದರಗಳೊಳಗೆ ಎಳೆದುಕೊಂಡು ಉಬ್ಬುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲವಾಗಿ ಬಿಡುವ ಬಿರುಕುಗಳನ್ನು ಕಂಡವರಿಗೆ ಅದರ ಬಲ ತಿಳಿದೇ ಇದೆ. ಕೊಳದ ಅಂಚಿನ ಮಣ್ಣು ಒಣಗಿ ಕುಗ್ಗಿ, ನಡುವಿನ ಮಣ್ಣು ತೇವದಿಂದ ಉಬ್ಬಿದಾಗ ತಳ ಸೀಳದೆ ಇರಲಾರದು.

ಎರೆಮಣ್ಣಿನ ಮೇಲೆ ಒಂದಡಿ ಮರಳು ಹಾಸಿ ಅದರ ಮೇಲೆ ಕಾಂಕ್ರೀಟ್ ಹಾಕುವ ರೂಢಿ ಹಲವೆಡೆ ಇದೆ. ಇದು ಅಷ್ಟು ಒಳ್ಳೆಯದಲ್ಲ. ಮರಳಿನ ಸಂದುಗಳಲ್ಲಿ ನೀರು ನಿಂತು, ಕೆಳಗಿನ ಎರೆಗೆ ನಿರಂತರವಾಗಿ ತೇವ ಒದಗುತ್ತಿರುತ್ತದೆ. ಮರಳಿಗೆ ಅಂಟುಗುಣವಿಲ್ಲದ ಕಾರಣ ಉಬ್ಬುವಿಕೆಯನ್ನು ಅದು ತಡೆಯಲಾರದು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರೊ. ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ನಡೆಸಿದ ಸಂಶೋಧನೆಗಳು ಈ ವಿಷಯದಲ್ಲಿ ದಾರಿ ತೋರಿಸಿದವು. ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರವೊಂದನ್ನು ಎರೆಯ ಮೇಲೆ ಗಟ್ಟಿಯಾಗಿ ಕೂರಿಸಿದರೆ ಕೆಳಗಿನ ಎರೆಯ ಉಬ್ಬು ಬಹುಮಟ್ಟಿಗೆ ಅಡಗುತ್ತದೆಂಬುದು ಅವರು ಕಂಡ ಸಂಗತಿ. ಎರೆ ಭೂಮಿಯಲ್ಲಿ ಹಾದುಹೋಗುವ ಕಾಲುವೆಗಳ ಹೊದಿಕೆಗೆ ಈ ವಿಧಾನ ಬಳಕೆಗೆ ಬಂದಿತು.

ತೋಟದ ಕೊಳಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಬೇಕಾದ ಆಳಕ್ಕಿಂತ 60ರಿಂದ 90 ಸೆಂ.ಮೀ. ಹೆಚ್ಚು ಅಗೆದು ಎರೆಯನ್ನು ಹೊರಹಾಕಬೇಕು. ಜೇಡಿಯ ಅಂಶ ಸ್ವಲ್ಪವಿರುವ ಕೆಂಪು ಗರಸನ್ನು ಮೇಲೆ ಹೇಳಿದಂತೆ ಪದರ ಪದರವಾಗಿ ತುಂಬಿ ಬಡಿಯಬೇಕು. ಈ ಹಾಸು ಕೊಳದ ಗೋಡೆಗಿಂತ ಎರಡಡಿಯಾದರೂ ಹೊರಗೆ ಚಾಚಿರಬೇಕು. ಗೋಡೆಯ ಹಿಂಭಾಗಕ್ಕೂ ಗರಸನ್ನೇ ತುಂಬಬೇಕು. ಎರೆಯ ಪದರ ಮೂರ್ನಾಲ್ಕು ಅಡಿಗೇ ಮುಗಿದು ಕೆಳಗೆ ಗರಸು ಸಿಕ್ಕಿದರೆ ಅದು ರೈತನ ಭಾಗ್ಯ. ಬಹು ಆಳದ ಎರೆ ಭೂಮಿಯಲ್ಲಿ ಕಾಂಕ್ರೀಟ್ ಕೊಳದ ವಿಚಾರವನ್ನೇ ಕೈಬಿಟ್ಟು, ಬಾಗಿ ಬಳುಕುವ ಹಾಳೆಯ ಹೊದಿಕೆಯನ್ನು ಆರಿಸುವುದು ವಿವೇಕ.

ಕೆಳಹಾಸು, ಕೊಳವೆ, ಕಂಬಿ

ಗಟ್ಟಿ ಮಾಡಿದ ನೆಲದ ಮೇಲೆ 1:4:8 ಪ್ರಮಾಣದ, 40 ಮಿ.ಮೀ. ಜಲ್ಲಿಯ ಕಾಂಕ್ರೀಟನ್ನು 10 ಸೆಂ.ಮೀ. ದಪ್ಪಕ್ಕೆ ಹಾಕಬೇಕು. ಇದು ನೀರು ತಡೆಯುವುದಕ್ಕಲ್ಲ. ಮೇಲಿನ ತಳಕ್ಕೆ ಸಮನಾದ, ಶುಚಿಯಾದ ಹಾಸು ಒದಗಿಸುವುದಕ್ಕೆ. ಬಸಿಗಾಲುವೆಯ ಕಡೆಗೆ ಪ್ರತಿ ಮೀಟರಿಗೆ 1ರಿಂದ 2 ಸೆಂ.ಮೀ. ಇಳಿಜಾರನ್ನು ಈ ಹಂತದಲ್ಲಿಯೇ ಕೊಟ್ಟುಕೊಳ್ಳಬೇಕು.

ಬಸಿಯುವ ಕೊಳವೆಯನ್ನು ಆಮೇಲೆ ತಳ ಒಡೆದು ಕೂರಿಸಿದರೆ ಸೋರಿಕೆ ಖಂಡಿತ. ಕೊಯಿ ಹೆಚ್ಚು ಹೊಲಸು ಮಾಡುವ ಮೀನಾದ್ದರಿಂದ ತಳದ ಅತಿ ತಗ್ಗಿನಲ್ಲಿ 110 ಮಿ.ಮೀ. ವ್ಯಾಸದ ಪಿ.ವಿ.ಸಿ. ಕೊಳವೆಯನ್ನು ಮೊದಲೇ ಇಟ್ಟು, ಕೆಳಹಾಸಿನಡಿಯಲ್ಲಿ ಹೊರಗೆ ಒಯ್ದು, ಅಲ್ಲಿ ವಾಲ್ವ್ ಹಾಕಬೇಕು. ಪಿ.ವಿ.ಸಿ.ಯ ನುಣುಪಾದ ಮೈಗೆ ಸಿಮೆಂಟ್ ಹಿಡಿಯುವುದಿಲ್ಲ. ಕಾಂಕ್ರೀಟಿನೊಳಗೆ ಸೇರುವ ಭಾಗಕ್ಕೆ ಕೊಳವೆ ಅಂಟಿಸುವ ದ್ರಾವಣವನ್ನು ಸವರಿ, ಹಸಿ ಇರುವಾಗಲೇ ದಪ್ಪ ಮರಳು ಉದುರಿಸಿ ಒಣಗಲು ಬಿಟ್ಟರೆ ಮೈ ಒರಟಾಗಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ನಾಲ್ಕಾಣೆಯ ಕೆಲಸ, ಆದರೆ ಸೋರುವ ಕೊಳಗಳಲ್ಲಿ ಬಹಳಷ್ಟು ಸೋರುವುದು ಈ ಸಂದಿನಲ್ಲಿಯೇ.

ಕೆಳಹಾಸಿನ ಮೇಲೆ 250 ಮೈಕ್ರಾನಿನ ಪಾಲಿಥೀನ್ ಹಾಳೆ ಹಾಸಬೇಕು. ಹಸಿ ಕಾಂಕ್ರೀಟಿನ ನೀರನ್ನು ಕೆಳಹಾಸು ಹೀರದಂತೆ ಅದು ತಡೆಯುತ್ತದೆ. ಮೇಲಾಗಿ ಒಣಗುವ ತಳ ಅದರ ಮೇಲೆ ಜಾರಿ ಕುಗ್ಗಲು ಅವಕಾಶವಿರುವುದರಿಂದ ಬಿರುಕು ಕಡಿಮೆ.

10 ಮಿ.ಮೀ. ಕಂಬಿಗಳನ್ನು ಎರಡೂ ದಿಕ್ಕಿಗೆ 15 ಸೆಂ.ಮೀ. ಅಂತರದಲ್ಲಿಟ್ಟು ತಂತಿಯಿಂದ ಕಟ್ಟಿ ಜಾಲರಿ ಮಾಡಬೇಕು. 6x4 ಮೀಟರ್ ಒಳ ಅಳತೆಯ ಕೊಳಕ್ಕೆ, ಗೋಡೆಯ ಕೆಳಗೂ ತಳ ಹಬ್ಬುವಂತೆ 6.6x4.6 ಮೀಟರ್ ಹಿಡಿದರೆ, ಸುಮಾರು 250 ಕಿಲೋ ಕಂಬಿ ಬೇಕು. ಗೋಡೆಗೆ ಬೇಕಾದದ್ದು ಬೇರೆ. ಜಾಲರಿಯನ್ನು ನೆಲದ ಮೇಲೆ ಬಿಟ್ಟು, ಕಾಂಕ್ರೀಟ್ ಸುರಿಯುತ್ತ ಕೊಕ್ಕೆಯಿಂದ ಮೇಲೆತ್ತುವ ಪದ್ಧತಿಯನ್ನು ಕೆಲಸಗಾರರು ಬಿಡುವುದಿಲ್ಲ. ಎತ್ತಿದ ಕಂಬಿ ಮುಂದಿನ ಹೆಜ್ಜೆಗೇ ಕೆಳಕ್ಕೆ ಹೋಗುತ್ತದೆ. ತಳದ ಅಡಿಯಲ್ಲಿ ಬಿದ್ದ ಕಂಬಿ ಮೇಲಿನ ಬಿರುಕನ್ನು ತಡೆಯಲಾರದು, ತಾನೂ ತುಕ್ಕು ಹಿಡಿಯುತ್ತದೆ. ಜಾಲರಿಯ ಮೇಲೆ 4ರಿಂದ 5 ಸೆಂ.ಮೀ. ಕಾಂಕ್ರೀಟ್ ಬರುವ ಹಾಗೆ, ಸಿಮೆಂಟ್ ಗಾರೆಯ ಗಟ್ಟಿಗಳ ಇಲ್ಲವೇ ಕಂಬಿಯ ಕುರ್ಚಿಗಳ ಮೇಲೆ ಅದನ್ನು ನಿಲ್ಲಿಸಬೇಕು. ಗೋಡೆಯ ಕಂಬಿಗಳನ್ನೂ ತಳಕ್ಕೆ ಬಾಗಿಸಿ ಈಗಲೇ ಕಟ್ಟಿಕೊಳ್ಳಬೇಕು.

ಕಾಂಕ್ರೀಟ್ ಹಾಕುವ ದಿನ

ತಳಕ್ಕೆ 1:1½:3 ಪ್ರಮಾಣದ, 20 ಮಿ.ಮೀ. ಜಲ್ಲಿಯ ಕಾಂಕ್ರೀಟ್ ತಕ್ಕದ್ದು. ಇದರಲ್ಲಿ ಒಂದು ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಹಿಡಿಯುತ್ತದೆ. ಮೇಲೆ ಹೇಳಿದ ಅಳತೆಯ ತಳ ಸುಮಾರು 4.5 ಘನ ಮೀಟರ್ ಆಗುವುದರಿಂದ 37 ಚೀಲ ಸಿಮೆಂಟ್, 2 ಘನ ಮೀಟರ್ ಮರಳು, 4 ಘನ ಮೀಟರ್ ಜಲ್ಲಿ ಒದಗಿಸಿಕೊಳ್ಳಬೇಕು. 50 ಕಿಲೋ ಸಿಮೆಂಟಿನ ಚೀಲ 35 ಲೀಟರಿಗೆ ಸಮ. ಒಳಗೆ 40x35x25 ಸೆಂ.ಮೀ. ಇರುವ ಮರದ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡರೆ, ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ ಎಂದು ತಪ್ಪಿಲ್ಲದೆ ಅಳೆಯಬಹುದು. ಬಾಂಡಲಿಯ ಲೆಕ್ಕ ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಹಸಿ ಮರಳು ಉಬ್ಬಿ ಪೆಟ್ಟಿಗೆಯಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ. ಆಗ ಕಾಲು ಪಾಲು ಹೆಚ್ಚು ಅಳೆಯಬೇಕಾಗಬಹುದು.

ಹೊಳೆಯ ಮರಳು ದುರ್ಲಭವಾಗಿ, ಕಲ್ಲನ್ನು ಪುಡಿ ಮಾಡಿದ ಎಂ-ಸ್ಯಾಂಡ್ ಈಗ ಎಲ್ಲೆಡೆ ಬಳಕೆಯಲ್ಲಿದೆ. ತೊಳೆದ, ದೂಳಿಲ್ಲದ ಎಂ-ಸ್ಯಾಂಡ್ ಆದರೆ ಚಿಂತೆಯಿಲ್ಲ. ಕ್ರಷರಿನ ಬರಿಯ ದೂಳನ್ನು ಅದೇ ಹೆಸರಿನಲ್ಲಿ ಕೊಟ್ಟರೆ ತಿರಸ್ಕರಿಸಬೇಕು. ಹೊಳೆಯ ಮರಳಾದರೆ ಗಾಜಿನ ಲೋಟದಲ್ಲಿ ಅರ್ಧದಷ್ಟು ತುಂಬಿ, ನೀರು ಹಾಕಿ ಅಲುಗಾಡಿಸಿ, ಎರಡು ಮೂರು ಗಂಟೆ ಬಿಟ್ಟು ನೋಡಬೇಕು. ಮೇಲೆ ನಿಂತ ಮಣ್ಣಿನ ಪದರ ಮರಳಿನ ನೂರಕ್ಕೆ 8 ಪಾಲಿಗಿಂತ ಹೆಚ್ಚಿದ್ದರೆ ತೊಳೆಯದೆ ಬಳಸಬಾರದು. ನೀರು ಕುಡಿಯಲು ಯೋಗ್ಯವಾಗಿರಬೇಕು. ಉಪ್ಪಿನ ಅಂಶವಿರುವ ಬಾವಿಯ ನೀರು ಕಂಬಿಗೆ ತುಕ್ಕು ತರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡುಕಾಗುವುದು ನೀರಿನ ಪ್ರಮಾಣದಲ್ಲಿ. ಒಂದು ಚೀಲ ಸಿಮೆಂಟಿಗೆ, ಮರಳಿನ ತೇವವೂ ಸೇರಿ, 25 ಲೀಟರ್ ಮೀರಬಾರದು. ಸಿಮೆಂಟ್ ಗಟ್ಟಿಯಾಗಲು ಬೇಕಾದುದಕ್ಕಿಂತ ಮಿಕ್ಕ ನೀರು ಮುಂದೆ ಆರಿಹೋಗುತ್ತದೆ. ಅದು ಇದ್ದ ಜಾಗ ಕೂದಲೆಳೆಯಂತಹ ರಂಧ್ರಗಳಾಗಿ ಉಳಿದು, ಕೊಳದ ನೀರು ಆ ದಾರಿಯಲ್ಲಿಯೇ ಸೋರುತ್ತದೆ. ನೀರು ಹೆಚ್ಚಾದಷ್ಟೂ ಕಾಂಕ್ರೀಟ್ ಕುಗ್ಗುವುದೂ ಹೆಚ್ಚು. ತೆಳ್ಳಗಿನ ಕಾಂಕ್ರೀಟನ್ನು ಹರಡುವುದು ಕೆಲಸಗಾರರಿಗೆ ಸುಲಭ. ಆದ್ದರಿಂದ ಮಿಕ್ಸರಿನ ಬಳಿ ನೀರಿನ ಬಕೆಟ್ ಹಿಡಿದು ನಿಲ್ಲುವವರು ಮನೆಯವರೇ ಆಗಿರುವುದು ಮೇಲು. ರಾಶಿ ಹಾಕಿದಾಗ ಗುಡ್ಡೆಯಾಗಿ ನಿಲ್ಲಬೇಕು, ಅಂಬಲಿಯಂತೆ ಹರಿಯಬಾರದು.

ಇಡೀ ತಳವನ್ನು ಒಂದೇ ಬಾರಿಗೆ ಹಾಕಿ ಮುಗಿಸಬೇಕು. ಇವತ್ತು ಅರ್ಧ, ನಾಳೆ ಅರ್ಧ ಎಂದರೆ ನಡುವಿನ ಸೇರುವೆಯೇ ಮುಂದಿನ ಬಿರುಕು. ಒಂದು ಚೀಲದ ಮಿಕ್ಸರಿನಲ್ಲಿ 37 ಸಲ ಕಲಸಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಆರಕ್ಕೆ ಆರಂಭಿಸಿದರೆ ಬಿಸಿಲೇರುವ ಮೊದಲೇ ಮುಗಿಯುತ್ತದೆ. ಒಣಗಾಳಿ ಬೀಸುವ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದಲ್ಲಿ ಹಾಕಿದ ಕಾಂಕ್ರೀಟ್, ಗಟ್ಟಿಯಾಗುವ ಮೊದಲೇ ಮೇಲೆ ಬಿರಿಯುತ್ತದೆ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಹರಡಿ, ವೈಬ್ರೇಟರ್ ಹಿಡಿದು ಒಳಗಿನ ಗಾಳಿ ಬಿಡಿಸಬೇಕು. ಗೋಡೆಯ ಬುಡದ 15 ಸೆಂ.ಮೀ. ಎತ್ತರವನ್ನು ತಳದ ಜೊತೆಯಲ್ಲಿಯೇ ಎರಕ ಹೊಯ್ದರೆ ತಳ ಮತ್ತು ಗೋಡೆಯ ಸಂದು ಮೂಲೆಯಲ್ಲಿ ಬರದೆ ಮೇಲೆ ಬರುತ್ತದೆ; ಆ ಸಂದಿನಲ್ಲಿ ನೀರು ತಡೆಯುವ ಪಿ.ವಿ.ಸಿ. ಪಟ್ಟಿಯನ್ನು ಹುದುಗಿಸಬೇಕು. ತಳ ಗಟ್ಟಿಯಾದ ಮೇಲೆ ಗೋಡೆಯ ಎರಕವನ್ನು ಇದೇ ಪ್ರಮಾಣದ ಕಾಂಕ್ರೀಟಿನಿಂದ ಮಾಡಬಹುದು.

ಮೇಲ್ಮೈಯ ನೀರಿನ ಹೊಳಪು ಆರಿದ ಕೂಡಲೇ ಒದ್ದೆ ಗೋಣಿ ಮುಚ್ಚಬೇಕು. ಮರುದಿನ ಸುತ್ತಲೂ ಮಣ್ಣಿನ ಚಿಕ್ಕ ಬದು ಕಟ್ಟಿ, ಗದ್ದೆಗೆ ನೀರು ನಿಲ್ಲಿಸುವಂತೆ ಎರಡಂಗುಲ ನೀರು ನಿಲ್ಲಿಸಬೇಕು. ಈಗ ಸಿಗುವ ಪೊಜೊಲಾನಾ ಸಿಮೆಂಟ್ ನಿಧಾನವಾಗಿ ಬಲ ಪಡೆಯುವುದರಿಂದ 14 ದಿನಗಳಿಗೆ ಕಡಿಮೆ ಇಲ್ಲದಂತೆ, ಅನುಕೂಲವಿದ್ದರೆ 28 ದಿನ, ನೀರು ಆರಬಾರದು. ದಿನಕ್ಕೆರಡು ಸಲ ಚಿಮುಕಿಸುವುದು ಇದಕ್ಕೆ ಸಮನಲ್ಲ. ನಡುವೆ ಒಣಗಿ ಮತ್ತೆ ನೆನೆಯುವ ಕಾಂಕ್ರೀಟ್ ಇನ್ನೂ ಬಿರಿಯುತ್ತದೆ.

ಮಲೆನಾಡು ಮತ್ತು ಕರಾವಳಿಯವರಿಗೆ

ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬರುವ ಕಡೆ ಬರಿದಾದ ಕೊಳ ದೋಣಿಯಂತೆ ತೇಲಲು ನೋಡುತ್ತದೆ. 15 ಸೆಂ.ಮೀ. ದಪ್ಪದ ತಳದ ಭಾರ ಚದರ ಮೀಟರಿಗೆ ಸುಮಾರು 360 ಕಿಲೋ. ಇದು ಕೆಳಗಿನಿಂದ ಬರುವ 36 ಸೆಂ.ಮೀ. ನೀರಿನ ಒತ್ತಡವನ್ನು ಮಾತ್ರ ತಾಳಬಲ್ಲದು; ಕಾಂಕ್ರೀಟ್ ಗೋಡೆಗಳ ಭಾರ ಸೇರಿಸಿದರೂ 70 ಸೆಂ.ಮೀ. ಆಸುಪಾಸು. ಅದಕ್ಕಿಂತ ಮೇಲೆ ಅಂತರ್ಜಲ ಬಂದಾಗ ಕೊಳ ತೊಳೆಯಲೆಂದು ಬರಿದು ಮಾಡಿದರೆ ತಳ ಉಬ್ಬಿ ಒಡೆಯುತ್ತದೆ. ಕೊಳದ ಹೊರಗೆ ಒಂದು ಮೂಲೆಯಲ್ಲಿ, ತಳಕ್ಕಿಂತ ಕೆಳಗಿನವರೆಗೆ, ಸುತ್ತ ಜಲ್ಲಿ ತುಂಬಿದ ರಂಧ್ರಗಳ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿದರೆ ನೀರಿನ ಮಟ್ಟ ಎಷ್ಟಿದೆಯೆಂದು ಕೋಲು ಇಳಿಸಿ ನೋಡಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಪೂರ್ತಿ ಬರಿದು ಮಾಡದೆ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುವುದು ಕ್ಷೇಮ.

ಪರೀಕ್ಷೆ ಮತ್ತು ಮೀನು ಬಿಡುವುದು

ಕೊಳ ತುಂಬಿಸಿದ ಮೊದಲ ಮೂರು ದಿನ ಕಾಂಕ್ರೀಟ್ ನೀರು ಹೀರುವುದರಿಂದ ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ಕೊಳದೊಳಗೆ ಕಲ್ಲಿನ ಮೇಲೆ, ಬಾಯಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುವಂತೆ ಒಂದು ಬಕೆಟ್ ಇಟ್ಟು, ಅದರಲ್ಲಿಯೂ ಕೊಳದ ಮಟ್ಟಕ್ಕೆ ನೀರು ತುಂಬಿ ಎರಡಕ್ಕೂ ಗುರುತು ಹಾಕಬೇಕು. ಬಕೆಟಿನಲ್ಲಿ ಇಳಿದದ್ದು ಬಿಸಿಲಿಗೆ ಆರಿದ ನೀರು. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನದು ಸೋರಿಕೆ. ಬಿರುಕು ಕಂಡರೆ ಅದರ ಮೇಲೆ ಗಾರೆ ಬಳಿದು ಪ್ರಯೋಜನವಿಲ್ಲ. ಬಿರುಕನ್ನು ಇಂಗ್ಲಿಷಿನ ವಿ ಅಕ್ಷರದಾಕಾರಕ್ಕೆ ಕೊರೆದು, ಚೆನ್ನಾಗಿ ಒಣಗಿಸಿ, ಹಿಗ್ಗಿ ಕುಗ್ಗುವ ಪಾಲಿಸಲ್ಫೈಡ್ ಅಂಟನ್ನು ತುಂಬಬೇಕು. ಅದು ಪೂರ್ತಿ ಗಟ್ಟಿಯಾದ ಮೇಲೆಯೇ ಮತ್ತೆ ನೀರು ಬಿಡಬೇಕು.

ನೀರು ನಿಂತಿತೆಂದು ಮರುದಿನವೇ ಮೀನು ಬಿಟ್ಟವರು ಮೀನನ್ನು ಕಳೆದುಕೊಂಡಿದ್ದಾರೆ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗಿಳಿದು ರಸಸಾರ 11ರವರೆಗೂ ಏರುವುದುಂಟು. ಮೀನಿನ ಕಿವಿರು ಅದನ್ನು ತಾಳದು. ಕೊಳವನ್ನು ತುಂಬಿ ನಾಲ್ಕೈದು ದಿನ ಬಿಟ್ಟು, ಗೋಡೆ ಮತ್ತು ತಳವನ್ನು ತಿಕ್ಕಿ ಬರಿದು ಮಾಡುವುದನ್ನು ಮೂರು ಸಲವಾದರೂ ಮಾಡಬೇಕು. ಸೀಳಿದ ಬಾಳೆದಿಂಡನ್ನು ನೀರಿನಲ್ಲಿ ಹಾಕಿ ವಾರ ಕಾಲ ಕೊಳೆಸಿ ತೆಗೆಯುವ ರೂಢಿಯೂ ಇದೆ. ದಿಂಡು ಕೊಳೆಯುವಾಗ ಹುಟ್ಟುವ ಹುಳಿ ಸುಣ್ಣವನ್ನು ತಗ್ಗಿಸುತ್ತದೆ. ಈ ಮೊದಲ ನೀರನ್ನು ಸಸಿಮಡಿಗೆ ಬಿಡಬಾರದು. ರಸಸಾರ ಕಾಗದವನ್ನು ಅದ್ದಿ ನೋಡಿದಾಗ 7ರಿಂದ 8.5ರೊಳಗೆ ಇದ್ದು, ಮೂರು ದಿನ ಕಳೆದರೂ ಏರದೆ ನಿಂತರೆ ನಾಲ್ಕಾರು ಅಗ್ಗದ ಗೆಂಡೆ ಮರಿಗಳನ್ನು ಬಿಟ್ಟು ವಾರವೊಂದು ನೋಡಿ, ಅವು ಚುರುಕಾಗಿದ್ದರೆ ಆಮೇಲೆ ಕೊಯಿಗಳನ್ನು ಬಿಡಬಹುದು.